ಸಹನಾಮೂರ್ತಿಗಳ ನಡುವೆ ಒಬ್ಬ ಅಂಗಡಿಯವನು

ನನ್ನ ತಂಗಿಯ ಮಗಳು ಈ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ಸೇರಿದಳು. ಸೇರಿ ತಿಂಗಳಾಗುವ ಮೊದಲೇ ಮುಖ ಸಣ್ಣ ಮಾಡಿಕೊಂಡು ಸುಳ್ಯದ ನಮ್ಮ ಮನೆಗೆ ಬಂದಳು. "ದೊಡ್ಡಮ್ಮ, ಪದ್ಯ ಆದ್ರೆ ಹೇಗೋ ರಾಗ ಹಾಕಿ ದಾಟಿಸ್ತೇನೆ. ಗದ್ಯಪಾಠ ಶುರು ಮಾಡಿದ ಕೂಡ್ಲೆ ಮಕ್ಕಳು ಆಕಳಿಸ್ತಾರೆ. ಎಂತ ಮಾಡುದು?" ಎಂದು ಕೇಳಿದಳು. ನಾನು ಚಹಾ ಕೊಟ್ಟೆ, ನೀರುದೋಸೆ ಕೊಟ್ಟೆ, ಉತ್ತರ ಮಾತ್ರ ಕೊಡಲಿಲ್ಲ. ಉತ್ತರ ಉದ್ದ ಇತ್ತು. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನೂ ಕನ್ನಡ ಟೀಚರಾಗಿಯೇ ನಿವೃತ್ತಳಾದವಳು. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಬಡ್ತಿ ಯಾಕೆ ತಡವಾಯಿತು ಎಂಬುದನ್ನೆಲ್ಲ ನಾನು ಬರೆಯುವುದಿಲ್ಲ. ಅದನ್ನು ಓದಿದರೆ ಮಕ್ಕಳಲ್ಲ, ಟೀಚರುಗಳೇ ಆಕಳಿಸುತ್ತಾರೆ.

ನಮ್ಮ ಕೆಲಸದ ಒಂದು ವಿಚಿತ್ರವನ್ನು ಮೊದಲು ಹೇಳಿಬಿಡುತ್ತೇನೆ. ಪಠ್ಯಪುಸ್ತಕ ಮಾಡುವವರಿಗೆ ಸುಖವಾಗಿರುವವರ ಮೇಲೆ ಎಂಥ ಸಿಟ್ಟೋ ಗೊತ್ತಿಲ್ಲ. ಯಾವ ಪುಸ್ತಕ ತೆರೆದರೂ ಬರ, ನೆರೆ, ಹಸಿವು, ಸಾಂಕ್ರಾಮಿಕ ರೋಗ. ಆ ಕಷ್ಟದ ನಡುವೆ ಒಬ್ಬಳು ತಾಯಿ, ಒಬ್ಬ ಜಿಪುಣ, ಒಬ್ಬ ಮುದುಕ. ಪಾಠದ ಕೊನೆಗೆ ತಪ್ಪದೆ ಒಂದು ಪ್ರಶ್ನೆ: ಇವರ ಪಾತ್ರಚಿತ್ರಣ ಮಾಡಿರಿ. ಅದಕ್ಕೆ ನಮ್ಮ ಮಕ್ಕಳ ಬಳಿ ತಲೆತಲಾಂತರದಿಂದ ಬಂದ ಒಂದು ಉತ್ತರ ಸಿದ್ಧವಾಗಿರುತ್ತದೆ: "ಈಕೆ ಸಹನಾಮೂರ್ತಿ. ಎಷ್ಟೇ ಕಷ್ಟ ಬಂದರೂ ಎದೆಗುಂದಲಿಲ್ಲ. ಇವಳ ಗುಣ ನಮಗೆಲ್ಲರಿಗೂ ಆದರ್ಶ."

ನನ್ನ ಮೊದಲ ಶಾಲೆ ಕಲ್ಲುಗುಂಡಿಯ ಹತ್ತಿರ. ಅಲ್ಲಿ ಬರಗಾಲದಲ್ಲಿ ಮಾರಾಟವಾದ ಒಂದು ಎತ್ತಿನ ಕುರಿತು ಪಾಠವಿತ್ತು. ಪರೀಕ್ಷೆಯಲ್ಲಿ ಎತ್ತಿನ ಬಗ್ಗೆ ಕೇಳಿದೆ. ಇಡೀ ತರಗತಿ ಬರೆಯಿತು: "ಈಕೆ ಸಹನಾಮೂರ್ತಿ." ಒಬ್ಬ ಹುಡುಗ ಮಾತ್ರ ತುಸು ಯೋಚಿಸಿ "ಈತ ಸಹನಾಮೂರ್ತಿ" ಎಂದು ಬರೆದಿದ್ದ. ಅವನಿಗೆ ಒಂದು ಅಂಕ ಹೆಚ್ಚು ಕೊಟ್ಟೆ. ಆ ದಿನ ಸ್ಟಾಫ್ ರೂಮಿನಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮನೆಗೆ ಹೋಗುವಾಗ ಮಾತ್ರ ಬೇಜಾರಾಯಿತು. ಮಕ್ಕಳು ಹಸಿವು ಗೊತ್ತಿಲ್ಲದವರಲ್ಲ. ಪುಸ್ತಕದೊಳಗಿನ ಹಸಿವು ಬೇರೆ ಯಾರದೋ ಎಂದು ಅವರಿಗೆ ನಾವೇ ಕಲಿಸಿಬಿಟ್ಟಿದ್ದೆವು.

ದಾರಿ ತೋರಿಸಿದವನು ಮಂಡೆಕೋಲಿನ ಒಬ್ಬ ಹುಡುಗ, ಚೇತನ. ಅವರದು ತಾಳಮದ್ದಳೆಯ ಮನೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರವಾಗಿ 'ನಾನು' ಎಂದು ವಾದ ಮಾಡುವುದು, ಅದಕ್ಕೆ ನಮ್ಮಲ್ಲಿ ಅರ್ಥ ಹೇಳುವುದು ಎನ್ನುತ್ತಾರೆ. ಅವನ ಅಜ್ಜ, ಅಪ್ಪ, ಚಿಕ್ಕಪ್ಪ ಎಲ್ಲರೂ ಅರ್ಥ ಹೇಳುವವರೇ. ಆ ವರ್ಷದ ಒಂದು ಪಾಠದಲ್ಲಿ, ಬರಗಾಲದಲ್ಲಿ ಅಪ್ಪನೊಬ್ಬ ಮಗಳನ್ನು ದೂರದ ಊರಿಗೆ ಮನೆಕೆಲಸಕ್ಕೆ ಕಳಿಸಿಬಿಡುತ್ತಾನೆ. ಅಪ್ಪ ಎಂಥವನು ಎಂದು ನಾನು ಕೇಳಿದೆ. "ಕಲ್ಲುಹೃದಯದವನು" ಎಂದಿತು ತರಗತಿ. ಚೇತನ ಎದ್ದು ನಿಂತ.

"ಟೀಚರ್, ನಾನು ಕೂತು ಹೇಳ್ಬಹುದಾ?"

ಕಾಲು ನೋವಿರಬೇಕು ಎಂದುಕೊಂಡು ಆಗಲಿ ಎಂದೆ. ಅವನು ಬಂದು ನನ್ನ ಮೇಜಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ! ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶುರು ಮಾಡಿಯೇಬಿಟ್ಟ: "ಕಲ್ಲುಹೃದಯ ಅಂತ ನನ್ನನ್ನು ಹೇಳಿದವರು ಯಾರು? ನಿಮ್ಮ ಮನೆಯ ಒಲೆ ಇವತ್ತು ಉರಿದಿದೆಯೋ ಇಲ್ಲವೋ ಮೊದಲು ಹೇಳಿ, ಆಮೇಲೆ ನನ್ನ ಎದೆ ಮುಟ್ಟಿ ನೋಡಿ."

ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದಳು. ಯಾರೂ ಹೇಳಿರಲಿಲ್ಲ, ತಾನೇ ಮಗಳಾದಳು. "ಅಪ್ಪಾ, ನಾನು ಹೋಗುವಾಗ ನೀನು ತಿರುಗಿ ಯಾಕೆ ನೋಡ್ಲಿಲ್ಲ?"

ಚೇತನ ಮೆಲ್ಲಗೆ ಹೇಳಿದ: "ನೋಡಿದ್ರೆ ಕಳಿಸ್ಲಿಕ್ಕೆ ಆಗ್ತಿರ್ಲಿಲ್ಲ ಮಗಾ."

ಯಾರೂ ಆಕಳಿಸಲಿಲ್ಲ. ಬಿ.ಎಡ್.ನಲ್ಲಿ ಕಲಿತ ಬೋಧನಾ ವಿಧಾನಗಳಿಗೆಲ್ಲ ಅಲ್ಲೇ ಕೈಮುಗಿದೆ.

ಅಂದಿನಿಂದ ನನ್ನ ತರಗತಿಯಲ್ಲಿ ಗದ್ಯಪಾಠ ಎಂದರೆ ಅರ್ಥ ಹೇಳುವುದು. ಕಾಯಿದೆ ಸಣ್ಣದು. 'ನಾನು' ಎಂದೇ ಮಾತಾಡಬೇಕು. ಎದುರಿನವರು ಏನು ಕೇಳಿದರೂ ಉತ್ತರ ಕೊಡಬೇಕು. 'ಲೇಖಕರು ಹಾಗೆ ಬರೆದಿದ್ದಾರೆ' ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೆ ಪಾಠದಲ್ಲಿ ಇಲ್ಲದ್ದನ್ನು ಹುಟ್ಟಿಸುವ ಹಾಗೂ ಇಲ್ಲ. 'ಸಹನಾಮೂರ್ತಿ' ಎಂದವರು ಹೊರಗೆ ಹೋಗಿ ಗಿಡಗಳಿಗೆ ನೀರು ಹಾಕಬೇಕು. ಮೊದಲ ವರ್ಷ ನಮ್ಮ ಶಾಲೆಯ ದಾಸವಾಳ ಹುಲುಸಾಗಿ ಬೆಳೆಯಿತು.

ಎಡವಟ್ಟುಗಳೂ ಆದವು. ಒಮ್ಮೆ ಜಮೀನ್ದಾರನ ಅರ್ಥ ಹೇಳಿದ ಹುಡುಗನಿಗೆ ಮಧ್ಯಾಹ್ನ ಯಾರೂ ಉಪ್ಪಿನಕಾಯಿ ಕೊಡಲಿಲ್ಲ. "ಗೇಣಿ ವಸೂಲಿ ಮಾಡಿದ್ಯಲ್ಲ, ಅದನ್ನೇ ನೆಕ್ಕು" ಎಂದರಂತೆ. ಅವನು ಅಳುತ್ತ ನನ್ನ ಬಳಿ ಬಂದ. ಮರುದಿನ ಕಾಯಿದೆಗೆ ಇನ್ನೊಂದು ಸೇರಿತು: ಗಂಟೆ ಬಾರಿಸಿದ ಮೇಲೆ ಪಾತ್ರ ಬಿಡಬೇಕು. ಇನ್ನೊಮ್ಮೆ ಅತ್ತೆ ಸೊಸೆಯರ ವಾದ ಏರಿ, ಪಕ್ಕದ ಗಣಿತದ ಮಾಷ್ಟ್ರು ನಿಜವಾದ ಜಗಳವೆಂದು ತಿಳಿದು ಬಿಡಿಸಲು ಓಡಿ ಬಂದರು. ಬಂದವರು ಹೋಗಲಿಲ್ಲ, ಸೊಸೆಯ ಪಕ್ಷ ಸೇರಿ ತಾವೂ ನಾಲ್ಕು ಮಾತಾಡಿದರು.

ಶಾಲೆಗಳು ಮುಚ್ಚಿ ಫೋನಿನಲ್ಲೇ ಪಾಠ ಮಾಡುವ ಕಾಲ ಬಂದಾಗಲೂ ಇದನ್ನು ಬಿಡಲಿಲ್ಲ. ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಕೂರುತ್ತಿದ್ದರು. ಪಾತ್ರವಾಗಿ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿ ಎಂದೆ. ಹಿಂದಿನಿಂದ ಕೋಳಿ ಕೂಗುತ್ತಿತ್ತು, ಮಿಕ್ಸಿ ತಿರುಗುತ್ತಿತ್ತು. ಒಂದು ದಿನ ಪ್ಲೇಗಿನ ಕಾಲದ ಒಂದು ಕತೆಯ ಕುರಿತು ಹುಡುಗಿಯೊಬ್ಬಳು ಮಾತಾಡುತ್ತಿದ್ದಾಗ ಅವಳ ಅಜ್ಜಿ ನಡುವೆ ಬಾಯಿ ಹಾಕಿ, ಆ ಕತೆಯ ಹೆಂಗಸಿಗೆ ಬುದ್ಧಿ ಇಲ್ಲ, ರೋಗದ ಮನೆಗೆ ಗಂಜಿ ಕೊಡುವುದಿದ್ದರೆ ಬಾಗಿಲಲ್ಲಿಟ್ಟು ಬರಬೇಕಿತ್ತು, ಒಳಗೆ ಹೋದದ್ದು ಯಾಕೆ ಎಂದು ನಮ್ಮ ಕಡೆಯ ಆಡುನುಡಿಯಾದ ಅರೆಭಾಷೆಯಲ್ಲಿ ಗದರಿದರು. ಇಡೀ ತರಗತಿ ಅಜ್ಜಿಗೆ ಉತ್ತರ ಕೊಡಲು ನಿಂತಿತು. ಆ ವಾರ ನನಗೆ ಬಂದಷ್ಟು ಒಳ್ಳೆಯ ಪಾತ್ರಚಿತ್ರಣಗಳು ಯಾವ ಪರೀಕ್ಷೆಯಲ್ಲೂ ಬಂದಿಲ್ಲ.

ಇನ್ನು ನಾನು ಹೇಳಲೇಬೇಕಾದದ್ದು ಜಿನ್ಸಿಯ ವಿಷಯ.

ಅದು ನನ್ನ ಕೊನೆಯ ಶಾಲೆ, ಕಡಬ ತಾಲೂಕಿನಲ್ಲಿ. ಜಿನ್ಸಿ ನೆಲ್ಯಾಡಿಯಿಂದ ಬರುವ ಹುಡುಗಿ. ಮನೆಮಾತು ಮಲಯಾಳ. ಅಪ್ಪ ರಬ್ಬರ್ ತೋಟದಲ್ಲಿ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲಿಳಿಸುವ ಕೆಲಸ ಮಾಡುವವರು. ಎಂಟನೇ ತರಗತಿಯವರೆಗೆ ಕೇರಳದ ಅಜ್ಜಿಮನೆಯಲ್ಲಿ ಓದಿ ಬಂದವಳು. ಬಂದು ಎರಡು ವರ್ಷಕ್ಕೆಲ್ಲ ಕನ್ನಡ ಮಾತಾಡುತ್ತಿದ್ದಳು, ತುಳುವಂತೂ ಪಟಪಟ. ಬರೆಯಲು ಕೂತರೆ ಮಾತ್ರ ಒತ್ತಕ್ಷರಗಳೆಲ್ಲ ಅವಳ ಮೇಲೆ ಮುನಿಸಿಕೊಳ್ಳುತ್ತಿದ್ದವು. ಆದರೂ ಹೆದರದೆ ಬರೆಯುತ್ತಿದ್ದಳು. ಅದು ನನಗೆ ಇಷ್ಟ.

ಹತ್ತನೇ ತರಗತಿಯಲ್ಲಿ ನೆರೆ ಬಂದ ವರ್ಷದ ಒಂದು ಕತೆಯಿತ್ತು. ಹೊಳೆ ಉಕ್ಕಿ ಬೆಳೆಯೆಲ್ಲ ಕೊಚ್ಚಿಹೋಗಿದೆ. ವಿಧವೆಯೊಬ್ಬಳು ಅಕ್ಕಿಗಾಗಿ ಅಲೆದು ಕೊನೆಗೆ ಊರಿನ ಅಂಗಡಿಗೆ ಬರುತ್ತಾಳೆ. ಅಂಗಡಿಯವನು ಅವಳ ತಾಮ್ರದ ಕೊಡಪಾನವನ್ನು ಇಟ್ಟುಕೊಂಡು, ಬಿರುನುಡಿಯಾಡಿ, ಅರ್ಧ ಸೇರು ಅಕ್ಕಿ ಕೊಡುತ್ತಾನೆ. ಅವಳು ಅದರಲ್ಲೇ ಗಂಜಿ ಬೇಯಿಸಿ ನೆರೆಮನೆಯ ಮಕ್ಕಳಿಗೂ ಬಡಿಸುತ್ತಾಳೆ. ಗೈಡಿನ ಪ್ರಕಾರ ವಿಧವೆ ಯಾರು ಎಂದು ನಿಮಗೆ ಗೊತ್ತೇ ಇದೆ. ಅಂಗಡಿಯವನು ನಿರ್ದಯಿ, ಲೋಭಿ, ಸಮಯಸಾಧಕ.

ಅಂಗಡಿಯವನ ಅರ್ಥ ಹೇಳಲು ಯಾರೂ ಮುಂದೆ ಬರಲಿಲ್ಲ. ಜಿನ್ಸಿ ಬಂದಳು. ವಾದ ಜೋರಾಗಿಯೇ ಆಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಅಂಗಡಿಯವನ ಸ್ವಭಾವವನ್ನು ಚಿತ್ರಿಸಲು ಕೇಳಿದರು. ಅವಳು ತರಗತಿಯಲ್ಲಿ ಹೇಳಿದ್ದನ್ನೇ ಪುಟ ತುಂಬ ಬರೆದಳು. ಆ ವರ್ಷ ನಮ್ಮ ಉತ್ತರಪತ್ರಿಕೆಗಳನ್ನು ಬೇರೆ ಶಾಲೆಯವರು ತಿದ್ದಿದ್ದರು. ಆ ಪುಟಕ್ಕೆ ಸೊನ್ನೆ ಬಂತು. ಆ ಸೊನ್ನೆಯಿಂದ ಅವಳು ಕನ್ನಡದಲ್ಲಿ ಫೇಲಾದಳು.

ಪೂರ್ವಸಿದ್ಧತಾ ಪರೀಕ್ಷೆ ತಾನೇ, ಹೋದರೆ ಹೋಗಲಿ ಎನ್ನುತ್ತೀರಿ. ನಮ್ಮ ಹೆಡ್ಮಾಷ್ಟ್ರಿಗೆ ಹಾಗಿರಲಿಲ್ಲ. ಅವರಿಗೆ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರಬೇಕು. ಅಭಿನಂದನೆಯ ಫ್ಲೆಕ್ಸಿಗೆ ಆಗಲೇ ಹೇಳಿಟ್ಟಿದ್ದರು! ಮನುಷ್ಯ ಕೆಟ್ಟವರಲ್ಲ, ಆದರೆ ಫಲಿತಾಂಶದ ಹೆಸರೆತ್ತಿದರೆ ಅವರಿಗೆ ಮಕ್ಕಳು ಕಾಣಿಸುತ್ತಿರಲಿಲ್ಲ. ಜಿನ್ಸಿಯ ಅಪ್ಪನನ್ನು ಕರೆಸಿ, "ಈ ವರ್ಷ ಪಬ್ಲಿಕ್ ಪರೀಕ್ಷೆಗೆ ಕೂರಿಸುದು ಬೇಡ. ಮುಂದಿನ ವರ್ಷ ಸರಿಯಾಗಿ ಓದಿ ಬರೀಲಿ" ಎಂದರು.

ಅಪ್ಪ ತಲೆ ತಗ್ಗಿಸಿ ನಿಂತಿದ್ದರು. "ಮುಂದಿನ ವರ್ಷ ಅಂತ ಇಲ್ಲ ಸರ್. ಈ ವರ್ಷ ಆಗದಿದ್ರೆ ಅವಳ ಮಾಮ ಎರ್ನಾಕುಳಂನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿಸ್ತೇನೆ ಅಂದಿದ್ದಾನೆ" ಎಂದರು. ಜಿನ್ಸಿಗೆ ನರ್ಸಿಂಗ್ ಓದುವ ಆಸೆ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಪತ್ರಿಕೆ ತಿದ್ದಿದವರು ಯಾರೆಂದು ವಿಚಾರಿಸಿದೆ. ಪುತ್ತೂರಿನ ಪದ್ಮಯ್ಯ ಮಾಷ್ಟ್ರು! ನಮ್ಮೆಲ್ಲರಿಗಿಂತ ಹಿರಿಯರು, ಕನ್ನಡದಲ್ಲಿ ಅವರ ಮಾತೇ ಕೊನೆಯ ಮಾತು. ಅದಕ್ಕಿಂತ ಮುಖ್ಯವಾಗಿ, ನಮ್ಮ ಮೂರು ತಾಲೂಕಿನಲ್ಲೂ ಹೆಸರಾದ ಅರ್ಥಧಾರಿ. ಖಳ ಪಾತ್ರಗಳೆಂದರೆ ಅವರದೇ. ದುಷ್ಟ ರಾಜನ ಅರ್ಥ ಹೇಳಲು ಅವರು ಕೂತರೆ, ಎದುರು ಕೂತ ಸಜ್ಜನನಿಗೆ ಬೆವರಿಳಿಯುತ್ತಿತ್ತು. ಮರುದಿನವೇ ಪುತ್ತೂರಿನ ಬಸ್ಸು ಹತ್ತಿದೆ.

"ಟೀಚರೇ, ಪ್ರಶ್ನೆ ಎಂತ? ಅಂಗಡಿಯವನ ಸ್ವಭಾವ. ಉತ್ತರ ಎಂತ? ನಿರ್ದಯಿ, ಲೋಭಿ, ಸಮಯಸಾಧಕ. ಈ ಹುಡುಗಿ ಬರೆದದ್ದೆಂತ? ಅವ ಪಾಪದವ, ಒಳ್ಳೆಯವ ಅಂತ. ಅದೂ ಸಾಲಿಗೆರಡು ತಪ್ಪಿನೊಟ್ಟಿಗೆ. ಸೊನ್ನೆ ಅಲ್ಲದೆ ಎಂತ ಕೊಡುದು?" ಎಂದರು ಮಾಷ್ಟ್ರು, ಎಲೆಯಡಿಕೆ ಬಾಯಿಗಿಡುತ್ತ.

"ಮಾಷ್ಟ್ರೇ, ಕಳೆದ ಆದಿತ್ಯವಾರ ದುಷ್ಟ ರಾಜನ ಅರ್ಥ ಹೇಳಿದ್ದು ನೀವಲ್ವಾ?"

"ಹೌದು. ನೀವು ಬಂದಿದ್ರಾ? ಹೇಗಾಯ್ತು?"

"ಭಾರೀ ಒಳ್ಳೆದಾಯ್ತು. ಅವನದ್ದು ಒಂದೇ ಒಂದು ತಪ್ಪಿಲ್ಲ ಅಂತ ನಮ್ಮನ್ನೆಲ್ಲ ಒಪ್ಪಿಸಿಬಿಟ್ರಿ."

"ಅದು ತಾಳಮದ್ದಳೆ ಮಾರಾಯ್ರೆ, ಇದು ಪರೀಕ್ಷೆ."

"ಅಲ್ಲಿ ದುಷ್ಟನಿಗೆ ಇಡೀ ಮಧ್ಯಾಹ್ನ ಬಾಯಿ ಉಂಟು. ಇಲ್ಲಿ ಒಂದು ಪುಟಕ್ಕೂ ಇಲ್ವಾ?"

ಮಾಷ್ಟ್ರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ನನಗೆ ಒಳಗೊಳಗೇ ಅಳುಕಾಯಿತು, ಹೆಚ್ಚು ಮಾತಾಡಿದೆನೋ ಎಂದು. ಆದರೆ ಅವರು ಗಹಗಹಿಸಿ ನಕ್ಕರು. "ನಿಮ್ಮ ಬಾಯಿ ಜೋರುಂಟು. ಆಗ್ಲಿ, ಶುಕ್ರವಾರ ನಿಮ್ಮ ಶಾಲೆಗೆ ಬರ್ತೇನೆ. ಆ ಹುಡುಗಿ ಅಂಗಡಿಯವ, ನಾನು ವಿಧವೆ. ನನ್ನೆದುರು ಅವಳು ನಿಂತರೆ ಸೊನ್ನೆ ತೆಗೀತೇನೆ. ಇಲ್ಲದಿದ್ರೆ ಅದು ಅಲ್ಲೇ ಇರ್ತದೆ."

ಜಿನ್ಸಿಗೆ ಹೇಳಿದೆ. "ಅಯ್ಯೋ ಟೀಚರ್, ಅವರೆದುರು ನಾನಾ? ನನ್ನ ಕನ್ನಡ ಕೇಳಿ ನಗಾಡಿದ್ರೆ?"

"ನಗಾಡ್ಲಿ. ಅಂಗಡಿಯವನಿಗೆ ವ್ಯಾಕರಣ ಬರ್ತಿತ್ತು ಅಂತ ಪಾಠದಲ್ಲಿ ಎಲ್ಲಾದ್ರೂ ಉಂಟಾ?"

ಶುಕ್ರವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಯೂಟದ ಅಕ್ಕಂದಿರೂ ಕೈ ಒರೆಸುತ್ತ ಬಂದು ಕೂತರು. ಹೆಡ್ಮಾಷ್ಟ್ರು ಮುಂದಿನ ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದರು. ಜಿನ್ಸಿಯ ಅಪ್ಪ ಬಾಗಿಲ ಬಳಿ ನಿಂತಿದ್ದರು. ಪದ್ಮಯ್ಯ ಮಾಷ್ಟ್ರು ಶಾಲು ಹೊದ್ದು ಕೂತು ವಿಧವೆಯಾಗಿ ಮಾತು ಎತ್ತಿದ್ದೇ ತಡ, ಅಕ್ಕಂದಿರು ಸೆರಗಿನಿಂದ ಕಣ್ಣೊರೆಸಲು ಶುರು ಮಾಡಿದರು. ಅಷ್ಟು ದೊಡ್ಡ ಮೀಸೆಯ ವಿಧವೆಯನ್ನು ಕಂಡು ಮೊದಲು ನಕ್ಕ ಮಕ್ಕಳೂ ಸುಮ್ಮನಾದರು.

"ನನ್ನ ತವರಿನ ಕೊಡಪಾನವದು. ಅರ್ಧ ಸೇರು ಅಕ್ಕಿಗೆ ಅದನ್ನು ಕಿತ್ತುಕೊಂಡೆಯಲ್ಲ, ನಿನಗೆ ತಾಯಿ ಇರಲಿಲ್ಲವೇ?" ಎಂದು ಮಾಷ್ಟ್ರು ಮುಗಿಸಿದಾಗ ಹಾಲೆಲ್ಲ ಜಿನ್ಸಿಯನ್ನು ದುರುಗುಟ್ಟಿ ನೋಡಿತು.

ಜಿನ್ಸಿ ಎರಡು ಸಲ ಗಂಟಲು ಸರಿ ಮಾಡಿಕೊಂಡಳು. "ಇದ್ರು. ಒಳಗೆ ಹಸಿದು ಮಲಗಿದ್ರು" ಎಂದಳು.

"ಅದು ಪಾಠದಲ್ಲಿ ಇಲ್ಲ!" ಎಂದರು ಮಾಷ್ಟ್ರು, ಗುಡುಗಿದ ಹಾಗೆ.

"ತಾಯಿ ಇರ್ಲಿಲ್ಲ ಅಂತಲೂ ಪಾಠದಲ್ಲಿ ಇಲ್ಲ. ಕೇಳಿದ್ದು ನೀವಲ್ವಾ?"

ಹಾಲಿನಲ್ಲಿ ನಗು ಹೊಮ್ಮಿತು. ಮಾಷ್ಟ್ರು ನೆಟ್ಟಗೆ ಕೂತರು. ಇನ್ನು ಅವರು ಮಗುವೆಂದು ಕರುಣೆ ತೋರಿಸುವುದಿಲ್ಲ ಎಂದು ನನಗೆ ಗೊತ್ತಾಯಿತು.

"ಸರಿ, ಕೊಡಪಾನ ಯಾಕೆ ಬೇಕಿತ್ತು ನಿನಗೆ?"

"ನನ್ನ ಹತ್ರ ಇದ್ದದ್ದು ಒಂದು ಗೋಣಿ ಅಕ್ಕಿ. ಕೇಳ್ಲಿಕ್ಕೆ ಇದ್ದದ್ದು ಊರಿಡೀ. ಸುಮ್ನೆ ಕೊಡ್ತೇನೆ ಅಂದ್ರೆ ಮೊದಲು ಓಡಿ ಬಂದವರು ಚೀಲ ತುಂಬಿಸ್ತಾರೆ. ನಿಮಗೆ ಉಳೀತಿತ್ತಾ? ಪಾತ್ರೆ ಇಡ್ಬೇಕು ಅಂದ್ರೆ ನಿಜವಾಗಿ ಹಸಿದವರು ಮಾತ್ರ ಬರ್ತಾರೆ."

"ಇಡಲು ಪಾತ್ರೆಯೇ ಇಲ್ಲದವರು?"

ಅದು ಪಟ್ಟು. ಜಿನ್ಸಿ ಸಿಕ್ಕಿಬಿದ್ದಳು. ಅವಳು ತಲೆ ತಗ್ಗಿಸಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ಹೇಳಿದಳು: "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆ ಲೆಕ್ಕದಲ್ಲಿ ನಾನು ಪಾಪಿ. ಒಪ್ತೇನೆ."

ಹೆಡ್ಮಾಷ್ಟ್ರು ಕುರ್ಚಿಯಿಂದ ಏಳಲು ಹೊರಟರು. ಮುಗಿಯಿತೆಂದು ನಾನೂ ತಿಳಿದೆ.

"ಆದ್ರೆ ನಂದೊಂದು ಪ್ರಶ್ನೆ ಉಂಟು ಅಮ್ಮ," ಎಂದಳು ಜಿನ್ಸಿ. "ನೀವು ನನ್ನ ಅಂಗಡಿಗೆ ಬಂದದ್ದು ಕಡೆಗೆ. ಅದಕ್ಕೆ ಮೊದಲು ಊರೆಲ್ಲ ಅಲೆದಿದ್ರಿ. 'ಎಲ್ಲ ಬಾಗಿಲುಗಳೂ ಮುಚ್ಚಿದ್ದವು' ಅಂತ ಪಾಠದಲ್ಲಿ ಉಂಟು. ಆ ಬಾಗಿಲುಗಳ ಹಿಂದೆ ಇದ್ದವರನ್ನು ನೀವು ಒಂದು ಮಾತು ಬೈಲಿಲ್ಲ. ಅವರ ಹೆಸರು ಕೂಡ ಪಾಠದಲ್ಲಿ ಇಲ್ಲ. ಬಾಗಿಲು ತೆಗೆದದ್ದು ನಾನೊಬ್ಬ. ಬೈದೆ, ಕೊಡಪಾನ ಇಟ್ಕೊಂಡೆ, ಆದ್ರೆ ಅಕ್ಕಿ ಕೊಟ್ಟೆ. ನೀವು ನಾಲ್ಕು ಮಕ್ಕಳಿಗೆ ಗಂಜಿ ಬಡಿಸಿ ದೊಡ್ಡವರಾದ್ರಲ್ಲ, ಅದು ಯಾರ ಅಂಗಡಿಯ ಅಕ್ಕಿ? ಬೇರೆಯವರದ್ದೆಲ್ಲ ಬಿಟ್ಟು ನನ್ನನ್ನೇ ಯಾಕೆ ಕೆಟ್ಟವ ಅಂದದ್ದು?"

ವರ್ಷವರ್ಷವೂ ಆ ಪಾಠ ಮಾಡಿದವಳು ನಾನು. ಮುಚ್ಚಿದ ಬಾಗಿಲುಗಳ ಆ ಸಾಲನ್ನು ಓದಿಯೇ ಇರಲಿಲ್ಲವೇನೋ ಅನ್ನಿಸಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು.

ಪದ್ಮಯ್ಯ ಮಾಷ್ಟ್ರು ಪಾತ್ರ ಬಿಡಲಿಲ್ಲ. ವಿಧವೆಯಾಗಿಯೇ ಕೈಮುಗಿದರು.

"ಅಣ್ಣಾ, ಮುಚ್ಚಿದ ಬಾಗಿಲನ್ನು ಬೈದು ಏನು ಪ್ರಯೋಜನ? ಕೇಳಿಸಿಕೊಳ್ಳಲು ಎದುರಿಗೆ ಇದ್ದವನು ನೀನೊಬ್ಬನೇ. ಅದಕ್ಕೇ ನಿನ್ನನ್ನು ಬೈದೆ."

ಹಾಲು ಚಪ್ಪಾಳೆಯಿಂದ ತುಂಬಿತು. ಅದು ಮಾಷ್ಟ್ರಿಗೋ ಜಿನ್ಸಿಗೋ ಎಂದು ಯಾರೂ ವಿಚಾರಿಸಲಿಲ್ಲ. ಮಾಷ್ಟ್ರು ಎದ್ದು ಬಂದು ತಮ್ಮ ಶಾಲನ್ನು ಅವಳಿಗೆ ಹೊದಿಸಿದರು. "ಎಲ್ಲಿಂದ ಕಲ್ತದ್ದು ಇದನ್ನು?" ಎಂದು ಕೇಳಿದರು.

"ಕಲ್ತದ್ದಲ್ಲ ಸರ್. ಜೋರು ಮಳೆಗೆ ಟ್ಯಾಪಿಂಗ್ ಇರುದಿಲ್ಲ. ಆಗ ನಮ್ಮ ಹತ್ರದ ಅಂಗಡಿಯ ಚೇಟನ್, ಅಂದ್ರೆ ಅಣ್ಣ, ಪಪ್ಪನಿಗೆ ಬೈಕೊಂಡು ಬೈಕೊಂಡೇ ಅಕ್ಕಿ ಕೊಡ್ತಾರೆ. ಪಾಠ ಓದುವಾಗ ಅವರದ್ದೇ ಮುಖ ಕಂಡದ್ದು."

ಬಾಗಿಲ ಬಳಿ ಅವಳ ಅಪ್ಪ ಅಳುತ್ತ ನಗುತ್ತಿದ್ದರು. ಮಾಷ್ಟ್ರು ಹೆಡ್ಮಾಷ್ಟ್ರ ಕಡೆ ತಿರುಗಿದರು. "ಸೊನ್ನೆ ನಂದು, ನಾನೇ ತೆಗೀತೇನೆ. ಈ ಹುಡುಗಿಯನ್ನು ಪರೀಕ್ಷೆಗೆ ಕೂರಿಸದಿದ್ರೆ ನಿಮ್ಮ ವಾರ್ಷಿಕೋತ್ಸವಕ್ಕೆ ನಾನು ಅರ್ಥಕ್ಕೆ ಬರುದಿಲ್ಲ, ನೆನಪಿರ್ಲಿ." ಹೆಡ್ಮಾಷ್ಟ್ರು, "ಛೆ ಛೆ, ಕೂರಿಸುದಿಲ್ಲ ಅಂತ ನಾನೆಲ್ಲಿ ಹೇಳಿದೆ ಮಾಷ್ಟ್ರೇ?" ಎಂದರು. ಎಲ್ಲರಿಗಿಂತ ಒಳ್ಳೆಯ ಅರ್ಥಧಾರಿ ಅವರೇ ಎಂದುಕೊಂಡೆ.

ಜಿನ್ಸಿ ಪರೀಕ್ಷೆ ಬರೆದಳು, ಪಾಸಾದಳು. ಫ್ಲೆಕ್ಸಿನಲ್ಲಿ ಅವಳ ಫೋಟೋವೂ ಬಂತು. ಈಗ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆದರೆ ನನಗೆ ಹೆಚ್ಚು ನೆನಪಾಗುವುದು ಫಲಿತಾಂಶದ ದಿನವಲ್ಲ, ಕನ್ನಡ ಪರೀಕ್ಷೆಯ ದಿನ. ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಾಗ ನನ್ನ ಎದೆ ಧಸಕ್ಕೆಂದಿತ್ತು. ಅದೇ ಪಾಠ, ಅದೇ ಅಂಗಡಿಯವನ ಸ್ವಭಾವ. ಇನ್ನು ಯಾವ ಊರಿನ ಯಾವ ಪುಣ್ಯಾತ್ಮ ತಿದ್ದುತ್ತಾನೋ, ಅವನೆದುರು ವಾದ ಮಾಡಿಸಲು ನಾನು ಎಲ್ಲಿಗೆ ಬಸ್ಸು ಹತ್ತಲಿ? ಜಿನ್ಸಿ ಹೊರಗೆ ಬಂದದ್ದೇ ಓಡಿಹೋಗಿ ಕೈ ಹಿಡಿದೆ.

"ಅಂಗಡಿಯವನದ್ದು ಎಂತ ಬರೆದೆ ಮಾರಾಯ್ತಿ?"

"ನಿರ್ದಯಿ, ಲೋಭಿ, ಸಮಯಸಾಧಕ" ಎಂದಳು.

ನಾನು ಬಾಯಿ ತೆರೆದು ನಿಂತೆ. ಅಷ್ಟೆಲ್ಲ ವಾದ ಮಾಡಿ ಗೆದ್ದ ಹುಡುಗಿ! ಅವಳು ನನ್ನ ಮುಖ ನೋಡಿ ಕಿಲಕಿಲ ನಕ್ಕಳು.

"ಬೇಜಾರು ಮಾಡ್ಬೇಡಿ ಟೀಚರ್. ನನಗೆ ಪಾಸಾಗ್ಬೇಕಿತ್ತು. ಅಂಗಡಿಯವನಿಗೆ ಅರ್ಥ ಆಗ್ತದೆ."